ಹಳೇ ಫೋನ್ ಈಗಲೇ ಕೊಡಬೇಡಿ

ದಸರಾ, ದೀಪಾವಳಿ ಆಫರ್‌ಗಳು ಮುಗಿದ ಮೇಲೆ ಸರಸ್ವತಿಪುರಂನ ನಮ್ಮ ಅಂಗಡಿಗೂ ಈ ಅಂಕಣಕ್ಕೂ ಬರುವ ಪ್ರಶ್ನೆಗಳು ಒಂದೇ ಥರ ಇರುತ್ತವೆ. ಆಂಡ್ರಾಯ್ಡ್ ಇದ್ದವರು ಐಫೋನ್ ತಗೊಂಡಿರುತ್ತಾರೆ, ಐಫೋನ್ ಇದ್ದವರು ಆಂಡ್ರಾಯ್ಡ್‌ಗೆ ಬಂದಿರುತ್ತಾರೆ. ಒಂದು ಆಂಡ್ರಾಯ್ಡ್‌ನಿಂದ ಇನ್ನೊಂದು ಆಂಡ್ರಾಯ್ಡ್‌ಗೆ ಹೋಗುವುದು ಸುಲಭ. ಕಂಪನಿ ಬೇರೆಯಾದರೂ ಪರವಾಗಿಲ್ಲ, ಗೂಗಲ್ ಖಾತೆ ಹಾಕಿದರೆ ಮುಕ್ಕಾಲು ಪಾಲು ತಾನಾಗಿ ಬರುತ್ತದೆ. ಆದರೆ ಆಂಡ್ರಾಯ್ಡ್‌ಗೂ ಐಫೋನ್‌ಗೂ ನಡುವೆ ಹಾಗಲ್ಲ. ಅಲ್ಲಿ ಕೆಲವು ಕೆಲಸಗಳನ್ನು ಹೊಸ ಫೋನ್ ಆನ್ ಮಾಡಿದ ಮೊದಲ ಗಂಟೆಯಲ್ಲೇ ಮಾಡಬೇಕು, ಹಳೇ ಫೋನ್ ಪಕ್ಕದಲ್ಲೇ ಇರಬೇಕು. ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು.

ನಮ್ಮ ಮಗ ಊರಿಗೆ ಬಂದಾಗ ನನಗೆ ಐಫೋನ್ ತಂದುಕೊಟ್ಟ. ಪಕ್ಕದ ಬೀದಿಯ ಹುಡುಗ ಸಿಮ್ ಹಾಕಿ, ವಾಟ್ಸ್ಆ್ಯಪ್ ಶುರು ಮಾಡಿಕೊಟ್ಟ. ಗುಂಪುಗಳು ಬಂದವು, ಹಳೆಯ ಮೆಸೇಜ್ ಒಂದೂ ಬರಲಿಲ್ಲ. ನಮ್ಮ ಯಜಮಾನರು ಹೋಗಿ ಎರಡು ವರ್ಷ ಆಯಿತು. ಅವರು ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು ಹಳೇ ಫೋನಿನಲ್ಲಿದ್ದವು. ಅವು ಹೋದವೇ?
— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಮೇಡಂ, ಹೋಗಿಲ್ಲ. ಹಳೇ ಫೋನ್ ನಿಮ್ಮ ಹತ್ತಿರವೇ ಇದ್ದು, ಅದರಲ್ಲಿ ವಾಟ್ಸ್ಆ್ಯಪ್ ಅಳಿಸದೇ ಇದ್ದರೆ ಎಲ್ಲವೂ ಅಲ್ಲೇ ಇವೆ. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿದಾಗ ಹಳೆಯದು ಲಾಗ್ ಔಟ್ ಆಗುತ್ತದೆ, ಅಷ್ಟೇ. ಒಳಗಿರುವುದು ಅಳಿಯುವುದಿಲ್ಲ. ಹಾಗಾಗಿ ದಯವಿಟ್ಟು ಯಾರೇ ಹೇಳಿದರೂ ಆ ಫೋನಿನಲ್ಲಿ ವಾಟ್ಸ್ಆ್ಯಪ್ ಅನ್ ಇನ್‌ಸ್ಟಾಲ್ ಮಾಡಬೇಡಿ, ರಿಸೆಟ್ ಮಾಡಬೇಡಿ. ಮೊಮ್ಮಕ್ಕಳ ಕೈಗೆ ಆಟಕ್ಕೂ ಕೊಡಬೇಡಿ.

ಮೊದಲು ನಿಮ್ಮ ಯಜಮಾನರ ದನಿಯನ್ನು ಭದ್ರ ಮಾಡೋಣ. ಬೇರೆ ಎಲ್ಲ ಆಮೇಲೆ. ಹಳೇ ಫೋನನ್ನು ಚಾರ್ಜರ್ ವೈರಿನಿಂದ ಒಂದು ಕಂಪ್ಯೂಟರಿಗೆ ಜೋಡಿಸಿ. ಫೋನಿನ ಪರದೆ ಮೇಲೆ ಯುಎಸ್‌ಬಿ ಬಗ್ಗೆ ಒಂದು ಸೂಚನೆ ಬರುತ್ತದೆ, ಅದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಕಂಪ್ಯೂಟರಿನಲ್ಲಿ ಫೋನಿನ ಫೋಲ್ಡರ್‌ಗಳು ಕಾಣುತ್ತವೆ. ಈಗಿನ ಫೋನುಗಳಲ್ಲಿ 'ಆಂಡ್ರಾಯ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ', ಅದರೊಳಗೆ ವಾಟ್ಸ್ಆ್ಯಪ್ ಹೆಸರಿನ ಫೋಲ್ಡರ್ ಇರುತ್ತದೆ. ಅಲ್ಲಿ 'ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್' ಎಂದು ಸಿಗುತ್ತದೆ. ಬಂದ, ಕಳಿಸಿದ ಎಲ್ಲ ದನಿಗಳೂ ಅದರಲ್ಲಿ ವಾರವಾರದ ಲೆಕ್ಕದಲ್ಲಿ ಕೂತಿರುತ್ತವೆ. ಯಾರು ಕಳಿಸಿದ್ದು ಅಂತ ಹೆಸರು ಇರುವುದಿಲ್ಲ, ತಾರೀಕು ಇರುತ್ತದೆ. ಇಡೀ ಫೋಲ್ಡರನ್ನೇ ಕಾಪಿ ಮಾಡಿ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇಟ್ಟುಕೊಳ್ಳಿ. ಇವು 'ಓಪಸ್' ಅನ್ನುವ ನಮೂನೆಯ ಫೈಲುಗಳು. ಡಬಲ್ ಕ್ಲಿಕ್ ಮಾಡಿದಾಗ ತೆರೆಯದಿದ್ದರೆ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಹಾಡುತ್ತದೆ.

ಇದು ಆದ ಮೇಲೆ ಎರಡನೇ ಕೆಲಸ. ಆಂಡ್ರಾಯ್ಡಿನ ವಾಟ್ಸ್ಆ್ಯಪ್ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಮಾಡುತ್ತದೆ. ಐಫೋನಿನ ವಾಟ್ಸ್ಆ್ಯಪ್ ಆ್ಯಪಲ್‌ನ ಐಕ್ಲೌಡ್‌ಗೆ ಮಾಡುತ್ತದೆ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಓದಲು ಬರುವುದಿಲ್ಲ. ನಿಮ್ಮ ಬೀದಿಯ ಹುಡುಗ ಬ್ಯಾಕಪ್ ತಾನಾಗಿ ಬರುತ್ತದೆ ಅಂದುಕೊಂಡಿರಬೇಕು, ಅಲ್ವಾ? ಎರಡು ಆಂಡ್ರಾಯ್ಡ್ ನಡುವೆ ಆಗಿದ್ದರೆ ಬರುತ್ತಿತ್ತು. ಇಲ್ಲಿ ಬೇರೆ ದಾರಿ ಇದೆ. 'ಮೂವ್ ಟು ಐಒಎಸ್' ಅಂತ ಆ್ಯಪಲ್ ಕಂಪನಿಯೇ ಮಾಡಿರುವ ಆಪ್. ಪ್ಲೇ ಸ್ಟೋರಿನಲ್ಲಿ ಪುಕ್ಕಟೆ ಸಿಗುತ್ತದೆ. 2015ರಿಂದ ಇದೆ, ವಾಟ್ಸ್ಆ್ಯಪ್ ಸಾಗಿಸುವ ಸೌಲಭ್ಯ ಅದಕ್ಕೆ ಸೇರಿದ್ದು 2022ರಲ್ಲಿ.

ಈ ಮೂಲಕ ವಾಟ್ಸ್ಆ್ಯಪ್ ತರಬೇಕಾದರೆ ಒಂದು ಷರತ್ತು ಇದೆ. ಐಫೋನ್ ಹೊಚ್ಚ ಹೊಸದಾಗಿ ಶುರುವಾಗುವ ಹಂತದಲ್ಲಿರಬೇಕು. ನಿಮ್ಮದು ಆಗಲೇ ಶುರುವಾಗಿದೆ. ಆದ್ದರಿಂದ ಅದನ್ನು ಒಮ್ಮೆ ಪೂರ್ತಿ ಅಳಿಸಿ ಮತ್ತೆ ಶುರು ಮಾಡಬೇಕು. ಹೆದರಬೇಡಿ, ಹೊಸ ಫೋನಿನಲ್ಲಿ ಇನ್ನೂ ಜಾಸ್ತಿ ಏನೂ ಸೇರಿರುವುದಿಲ್ಲ. ಈಚೆಗೆ ತೆಗೆದ ಫೋಟೋ ಇದ್ದರೆ ಮಗನಿಗೆ ಕಳಿಸಿಬಿಡಿ. ಹೊಸ ಫೋನಿಗೆ ಬಂದ ವಾಟ್ಸ್ಆ್ಯಪ್ ಮೆಸೇಜ್‌ಗಳು ಮಾತ್ರ ಉಳಿಯುವುದಿಲ್ಲ. ಹಳೆಯದನ್ನೂ ಹೊಸದನ್ನೂ ಬೆರೆಸಲು ಬರುವುದಿಲ್ಲ. ನನ್ನನ್ನು ಕೇಳಿದರೆ ಹಳೆಯದಕ್ಕಾಗಿ ಹೊಸದನ್ನು ಬಿಡಿ.

ಹಳೇ ಫೋನನ್ನು ಮನೆಯ ವೈಫೈಗೆ ಜೋಡಿಸಿ ವಾಟ್ಸ್ಆ್ಯಪ್ ತೆರೆಯಿರಿ. ನಂಬರ್ ಕೇಳುತ್ತದೆ, ಕೊಡಿ. ಸಿಮ್ ಐಫೋನಿನಲ್ಲೇ ಇದ್ದರೂ ಚಿಂತೆಯಿಲ್ಲ. ಒಟಿಪಿ ಐಫೋನಿಗೆ ಬರುತ್ತದೆ, ಅದನ್ನು ನೋಡಿ ಹಳೇ ಫೋನಿನಲ್ಲಿ ಒತ್ತಿ. ಹಳೆಯ ಮಾತುಕತೆ ಎಲ್ಲ ಕಣ್ಣಿಗೆ ಕಾಣುತ್ತದೆ. ಒಟಿಪಿ ಬರುವುದು ತಡವಾದರೆ ಮತ್ತೆ ಮತ್ತೆ ಕೇಳಬೇಡಿ. ಜಾಸ್ತಿ ಸಲ ಕೇಳಿದರೆ ವಾಟ್ಸ್ಆ್ಯಪ್ ಗಂಟೆಗಟ್ಟಲೆ ಕಾಯಿಸುತ್ತದೆ.

ಆಮೇಲೆ ಐಫೋನಿನ ಸೆಟ್ಟಿಂಗ್ಸ್, ಜನರಲ್, ಅದರ ಕೊನೆಯಲ್ಲಿ 'ಟ್ರಾನ್ಸ್‌ಫರ್ ಆರ್ ರಿಸೆಟ್ ಐಫೋನ್', ಅದರಲ್ಲಿ 'ಎರೇಸ್ ಆಲ್'. ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಮಗನಿಂದ ಮೊದಲೇ ತಿಳಿದುಕೊಂಡಿರಿ. ಫೋನ್ ಮತ್ತೆ 'ಹಲೋ' ಅನ್ನುತ್ತದೆ. ಒಂದೊಂದೇ ಹಂತ ದಾಟುತ್ತಾ ಹೋದರೆ ಡೇಟಾ ಎಲ್ಲಿಂದ ತರಲಿ ಅಂತ ಕೇಳುವ ಪುಟ ಬರುತ್ತದೆ. ಅಲ್ಲಿ 'ಫ್ರಮ್ ಆಂಡ್ರಾಯ್ಡ್' ಒತ್ತಿ. ಐಫೋನ್ ಒಂದು ಅಂಕಿ ತೋರಿಸುತ್ತದೆ. ಅದನ್ನು ಹಳೇ ಫೋನಿನ 'ಮೂವ್ ಟು ಐಒಎಸ್' ಆಪಿನಲ್ಲಿ ಒತ್ತಿ. ಏನೇನು ಸಾಗಿಸಬೇಕು ಅನ್ನುವ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಬೇರೆಯಾಗಿ ಇರುತ್ತದೆ. ಅದನ್ನು ಆರಿಸಿ, 'ಸ್ಟಾರ್ಟ್' ಒತ್ತಿ, ತಯಾರಾಗುವವರೆಗೂ ಕಾದು, ಆಮೇಲೆ ಮುಂದಕ್ಕೆ ಹೋಗಿ. ಇದನ್ನು ಬಿಟ್ಟು ಸುಮ್ನೆ 'ಕಂಟಿನ್ಯೂ' ಒತ್ತುವವರೇ ಜಾಸ್ತಿ.

ಇನ್ನು ಕಾಯುವ ಕೆಲಸ. ಎರಡೂ ಫೋನ್ ಚಾರ್ಜಿಗೆ ಹಾಕಿ. ಹಳೇ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ಫೋನ್ ಬಂತು, ಮೆಸೇಜ್ ಬಂತು ಅಂತ ಆ ಆಪ್ ಬಿಟ್ಟು ಹೊರಗೆ ಹೋಗಬೇಡಿ. ಹೋದರೆ ಸಾಗಣೆ ನಿಂತುಹೋಗುತ್ತದೆ. ಹಳೇ ಫೋನ್ 'ಮುಗಿಯಿತು' ಅಂತ ತೋರಿಸುವ ಹೊತ್ತಿಗೂ ಐಫೋನಿನಲ್ಲಿ ಎಷ್ಟು ಬಂತು ಅಂತ ತೋರಿಸುವ ಪಟ್ಟಿ ಇನ್ನೂ ಓಡುತ್ತಿರಬಹುದು. ಐಫೋನಿನ ಪಟ್ಟಿ ತುಂಬುವವರೆಗೆ ಎರಡನ್ನೂ ಮುಟ್ಟಬೇಡಿ. ನಮ್ಮ ಅಂಗಡಿಯಲ್ಲಿ ಈ ಹೊತ್ತಿನಲ್ಲಿ ಎರಡೂ ಫೋನುಗಳನ್ನು ಗಾಜಿನ ಕಪಾಟಿನ ಒಳಗೆ ಇಟ್ಟು, ಚಾರ್ಜರ್ ವೈರ್ ಮಾತ್ರ ಹೊರಗೆ ಬಿಟ್ಟು, ಬಾಗಿಲು ಎಳೆದುಬಿಡುತ್ತೇವೆ. ಕೈಗೆ ಸಿಗುವಂತಿದ್ದರೆ ಯಾರಾದರೂ ಮುಟ್ಟಿಯೇ ಮುಟ್ಟುತ್ತಾರೆ.

ಮುಗಿದ ಮೇಲೆ ಐಫೋನಿನಲ್ಲಿ ಆಪ್ ಸ್ಟೋರಿನಿಂದ ವಾಟ್ಸ್ಆ್ಯಪ್ ಹಾಕಿ, ಅದೇ ನಂಬರ್ ಕೊಡಿ. ಹಳೆಯದನ್ನು ತರಲೇ ಅಂತ ಕೇಳುತ್ತದೆ, 'ಸ್ಟಾರ್ಟ್' ಒತ್ತಿ. ಮಾತುಕತೆ, ಫೋಟೋ, ವಾಯ್ಸ್ ಮೆಸೇಜ್ ಎಲ್ಲ ಬರುತ್ತವೆ. ಯಾರು ಯಾವಾಗ ಕರೆ ಮಾಡಿದ್ದರು ಅನ್ನುವ ಪಟ್ಟಿ ಮಾತ್ರ ಬರುವುದಿಲ್ಲ. ನಿಮ್ಮ ಯಜಮಾನರ ಚಾಟ್ ತೆರೆದು ಒಂದೆರಡು ದನಿ ಕೇಳಿ ನೋಡಿ. ಕೇಳಿಸಿದರೂ ಹಳೇ ಫೋನನ್ನು ಹಾಗೇ ಬೀರುವಿನಲ್ಲಿಡಿ. ನಿಮ್ಮ ಮಗ ಊರಿನಲ್ಲೇ ಇದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಇದು ಬೀದಿಯ ಹುಡುಗ ನಿಂತುಕೊಂಡು ಮಾಡಿ ಮುಗಿಸುವ ಕೆಲಸ ಅಲ್ಲ.

ಅಕ್ಕ, ನಂದು ಆಲೆಮನೆ. ಕಬ್ಬು ಕಡಿಯೋರಿಗೆ ವಾರದ ಬಟವಾಡೆ ಎಲ್ಲ ಫೋನಿನಲ್ಲೇ. ಐಫೋನ್ ತಗೊಂಡೆ. ಯುಪಿಐ ಆಪ್ ಮೊದಲು 'ಎಸ್ಎಂಎಸ್ ಹೋಗಲಿಲ್ಲ' ಅಂತು. ಹೇಗೋ ಆಯಿತು ಅಂದರೆ ಈಗ ಐದು ಸಾವಿರದ ಮೇಲೆ ಹೋಗ್ತಿಲ್ಲ. ಗೋಡೆಗೆ ಅಂಟಿಸಿರೋ ಕ್ಯೂಆರ್ ಕೋಡ್ ಕೂಡ ಬದಲಾಯಿಸಬೇಕಾ?
— ಆಲೆಮನೆ ಮಾಲೀಕರು, ಮಂಡ್ಯ ತಾಲ್ಲೂಕು

ಅಣ್ಣಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಅದೇ ಆಪ್, ಅದೇ ನಂಬರ್, ಅದೇ ಬ್ಯಾಂಕ್ ಖಾತೆ ಇದ್ದರೆ ಗೋಡೆಯ ಕ್ಯೂಆರ್ ಕೋಡ್ ಹಾಗೇ ನಡೆಯುತ್ತದೆ. ಅದು ನಿಮ್ಮ ಯುಪಿಐ ಐಡಿಗೆ ಸೇರಿದ್ದು, ಫೋನಿಗೆ ಅಲ್ಲ. ನಿಮ್ಮ ಫೋನ್ ಆಫ್ ಆಗಿದ್ದರೂ ಬೆಲ್ಲ ಕೊಂಡವರ ದುಡ್ಡು ಖಾತೆಗೆ ಬರುತ್ತದೆ.

ಕೊಡುವುದಕ್ಕೆ ಮಾತ್ರ ಫೋನ್ ಮುಖ್ಯ. ಯುಪಿಐಯಲ್ಲಿ ಬ್ಯಾಂಕು ನಿಮ್ಮ ನಂಬರನ್ನೂ ನಿಮ್ಮ ಕೈಯಲ್ಲಿರುವ ಆ ಒಂದು ಫೋನನ್ನೂ ಜೋಡಿ ಮಾಡಿ ಗುರುತಿಟ್ಟುಕೊಳ್ಳುತ್ತದೆ. ಫೋನ್ ಬದಲಾದರೆ ಜೋಡಿ ಮುರಿಯಿತು, ಹೊಸದಾಗಿ ಮಾಡಬೇಕು. ಅದಕ್ಕೇ ನಿಮ್ಮ ಸಿಮ್‌ನಿಂದ ಒಂದು ಎಸ್ಎಂಎಸ್ ಹೋಗಬೇಕು. ಆಂಡ್ರಾಯ್ಡಿನಲ್ಲಿ ಒಪ್ಪಿಗೆ ಕೊಟ್ಟರೆ ಸಾಕು, ಆಪ್ ತಾನೇ ಕಳಿಸುತ್ತದೆ. ಐಫೋನಿನಲ್ಲಿ ಯಾವ ಆಪ್‌ಗೂ ಹಾಗೆ ಕಳಿಸುವ ಅಧಿಕಾರ ಇಲ್ಲ. ಮೆಸೇಜ್ ಬರೆದು ನಿಮ್ಮ ಮುಂದೆ ಇಡುತ್ತದೆ. ಅರ್ಥವಿಲ್ಲದ ಅಕ್ಷರಗಳ ಸಾಲು ಅದು. ಅದರಲ್ಲಿ ಒಂದಕ್ಷರವನ್ನೂ ತಿದ್ದದೆ, ಪಕ್ಕದ ಬಾಣದ ಗುರುತನ್ನು ನೀವೇ ಒತ್ತಿ ಕಳಿಸಬೇಕು. ಆಂಡ್ರಾಯ್ಡ್ ರೂಢಿಯಾದವರು ಅದು ತಾನೇ ಹೋಗುತ್ತದೆ ಅಂತ ಕಾಯುತ್ತಾ ಕೂರುತ್ತಾರೆ, ಸಮಯ ಮೀರಿ 'ಹೋಗಲಿಲ್ಲ' ಅಂತ ಬರುತ್ತದೆ.

ಎಸ್ಎಂಎಸ್ ಹೋಗದಿರಲು ಇನ್ನೂ ಕಾರಣಗಳಿವೆ. ಎರಡು ನಂಬರ್ ಇದ್ದರೆ ಬ್ಯಾಂಕಿಗೆ ಕೊಟ್ಟಿರುವ ನಂಬರಿನಿಂದಲೇ ಹೋಗಬೇಕು. ಮೆಸೇಜಿನ ಮೇಲೆ ಯಾವ ನಂಬರಿನಿಂದ ಅಂತ ಇರುತ್ತದೆ, ನೋಡಿ. ರೀಚಾರ್ಜ್ ಮುಗಿದಿದ್ದರೆ ಹೋಗುವುದಿಲ್ಲ. ವೈಫೈ ಇದ್ದು ಟವರ್ ಇಲ್ಲದಿದ್ದರೂ ಹೋಗುವುದಿಲ್ಲ. ಇನ್ನೊಂದು ಮಾತು. ಇಲ್ಲಿ ಮಾರುವ ಹೆಚ್ಚಿನ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗ ಒಂದೇ. ಎರಡನೇ ನಂಬರ್ ಬೇಕೆಂದರೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್, ಮಾಡಿಸಬೇಕು. ಸಿಮ್ ಬದಲಾಯಿಸಿಕೊಂಡು ಬಂದರೆ ಮೊದಲ 24 ಗಂಟೆ ಎಸ್ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಿಮ್ಮ ಹೆಸರಿನಲ್ಲಿ ಕಳ್ಳರು ಸಿಮ್ ತಗೊಂಡು ಖಾತೆ ಬರಿದು ಮಾಡದಿರಲಿ ಅಂತ ಮಾಡಿದ ನಿಯಮ ಅದು. ಬಟವಾಡೆಯ ಹಿಂದಿನ ದಿನ ಸಿಮ್ ಬದಲಾಯಿಸಲು ಹೋಗಬೇಡಿ.

ಐದು ಸಾವಿರದ ಮಿತಿಯೂ ಇಂಥದ್ದೇ ಕಾವಲು. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದ ಮೊದಲ 24 ಗಂಟೆ ಒಟ್ಟು 5,000 ರೂಪಾಯಿ ಮಾತ್ರ ಕಳಿಸಲು ಬ್ಯಾಂಕು ಬಿಡುತ್ತದೆ. ಐಫೋನ್ ಆದರೆ ಕೆಲವು ಬ್ಯಾಂಕುಗಳಲ್ಲಿ ಇದು 72 ಗಂಟೆ. ಆಮೇಲೆ ತಾನೇ ಸರಿಹೋಗುತ್ತದೆ. ಯಾರಿಗೂ ಫೋನ್ ಮಾಡಿ ಬೇಡುವ ಅಗತ್ಯ ಇಲ್ಲ. ಈ ವಾರದ ಬಟವಾಡೆಗೆ ಬ್ಯಾಂಕಿನಿಂದ ನಗದು ತಂದುಬಿಡಿ. ನಿಮ್ಮ ಹಳೆಯ ಪಿನ್ ಹಾಗೇ ನಡೆಯುತ್ತದೆ, ಹೊಸದು ಮಾಡಬೇಕಿಲ್ಲ.

ಇದನ್ನು ಒತ್ತಿ ಹೇಳುತ್ತೇನೆ. ಇಂಥ ಸಮಯದಲ್ಲೇ ಜನ ಇಂಟರ್ನೆಟ್‌ನಲ್ಲಿ ಬ್ಯಾಂಕಿನ 'ಕಸ್ಟಮರ್ ಕೇರ್' ನಂಬರ್ ಹುಡುಕಿ ಮೋಸಗಾರರ ಕೈಗೆ ಸಿಗುತ್ತಾರೆ. ಲಿಮಿಟ್ ತೆಗೆದುಕೊಡ್ತೀವಿ, ಈ ಆಪ್ ಹಾಕಿಕೊಳ್ಳಿ ಅನ್ನುತ್ತಾರೆ. ಆ ಆಪ್ ನಿಮ್ಮ ಪರದೆಯನ್ನು ಅವರಿಗೆ ತೋರಿಸುತ್ತಿರುತ್ತದೆ. ನಂಬರ್ ಬೇಕಿದ್ದರೆ ಎಟಿಎಂ ಕಾರ್ಡಿನ ಹಿಂದೆ ಇರುವುದನ್ನೇ ನೋಡಿ. ದುಡ್ಡು ಹೋಯಿತು ಅನ್ನಿಸಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ನನ್ನ ಹೊಸ ಫೋನಿನಲ್ಲಿ ಹೆಸರುಗಳು ಅರ್ಧ ಬಂದಿವೆ, ಅರ್ಧ ಬರೀ ನಂಬರ್ ತೋರಿಸುತ್ತವೆ. ಗಿರಾಕಿಗಳು ಯಾರು ಅಂತಲೇ ಗೊತ್ತಾಗುತ್ತಿಲ್ಲ.
— ಟೈಲರ್, ಮದ್ದೂರು

ನಿಮ್ಮ ಹೆಸರುಗಳು ಮೂರು ಕಡೆ ಹಂಚಿಹೋಗಿವೆ. ಕೆಲವು ಸಿಮ್‌ನಲ್ಲಿ, ಕೆಲವು ಹಳೇ ಫೋನಿನ ಒಳಗೆ, ಕೆಲವು ಗೂಗಲ್ ಖಾತೆಯಲ್ಲಿ. ಬಂದಿರುವುದು ಗೂಗಲ್ ಖಾತೆಯದು ಮಾತ್ರ ಇರಬೇಕು. ಹಳೇ ಫೋನಿನ ಕಾಂಟ್ಯಾಕ್ಟ್ಸ್ ತೆರೆದು ಮೊದಲು ಸಿಮ್‌ನಲ್ಲಿರುವುದನ್ನು 'ಇಂಪೋರ್ಟ್' ಮಾಡಿ. ಆಮೇಲೆ ಎಲ್ಲವನ್ನೂ 'ಎಕ್ಸ್‌ಪೋರ್ಟ್' ಮಾಡಿ. ವಿಸಿಎಫ್ ಅನ್ನುವ ಒಂದೇ ಫೈಲ್ ಆಗುತ್ತದೆ. ಅದನ್ನು ನಿಮಗೇ ಜಿಮೇಲ್ ಮಾಡಿಕೊಂಡು ಹೊಸ ಫೋನಿನಲ್ಲಿ ತೆರೆಯಿರಿ. ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಈ ಫೈಲ್ ಅರ್ಥವಾಗುತ್ತದೆ. ಇನ್ನು ಮುಂದೆ ಸಿಮ್‌ನಲ್ಲಿ ಸೇವ್ ಮಾಡಬೇಡಿ. ಸಾಮಾನ್ಯವಾಗಿ ಅದರಲ್ಲಿ 250 ಹೆಸರು ಹಿಡಿಯುತ್ತದೆ, ಉದ್ದ ಹೆಸರು ಕತ್ತರಿಸಿಹೋಗುತ್ತದೆ. 'ಬ್ಲೌಸ್ ಗೀತಕ್ಕ ಹಳೇ ಬಸ್‌ಸ್ಟ್ಯಾಂಡ್' ಅಂತ ನೀವು ಬರೆದುಕೊಂಡರೆ 'ಬ್ಲೌಸ್ ಗೀ' ಅಂತ ನಿಲ್ಲುತ್ತದೆ.

ನಾನು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ. ಐಫೋನ್ ಮಾರಿ ಆಂಡ್ರಾಯ್ಡ್ ತಗೊಂಡೆ. ಐಫೋನ್ ಇರುವ ಗೆಳೆಯರ ಮೆಸೇಜ್ ನನಗೆ ಬರುತ್ತಿಲ್ಲ. ಅವರ ಫೋನಿನಲ್ಲಿ ಕಳಿಸಿದ ಹಾಗೇ ಕಾಣುತ್ತದಂತೆ. ಫೋಟೋಗಳೂ ಐಕ್ಲೌಡ್‌ನಲ್ಲೇ ಉಳಿದಿವೆ.
— ವಿದ್ಯಾರ್ಥಿ, ಮೈಸೂರು

ತಮ್ಮಾ, ಐಫೋನ್‌ಗಳು ತಮ್ಮ ತಮ್ಮಲ್ಲಿ ಎಸ್ಎಂಎಸ್ ಬದಲು ಐಮೆಸೇಜ್ ಕಳಿಸಿಕೊಳ್ಳುತ್ತವೆ. ನೀನು ಐಫೋನ್ ಬಿಟ್ಟದ್ದು ಆ್ಯಪಲ್‌ನ ಸರ್ವರ್‌ಗೆ ಗೊತ್ತಿಲ್ಲ. ಗೆಳೆಯರ ಮೆಸೇಜ್ ಅಲ್ಲಿಗೇ ಹೋಗಿ ಕೂರುತ್ತಿವೆ. ಐಫೋನ್ ಕೈಯಲ್ಲಿದ್ದಾಗಲೇ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್, ಫೇಸ್‌ಟೈಮ್ ಎರಡನ್ನೂ ಆಫ್ ಮಾಡಿ ಆಮೇಲೆ ಸಿಮ್ ತೆಗೆಯಬೇಕಿತ್ತು. ಮಾರಿದ ಮೇಲೂ ದಾರಿ ಇದೆ. ಐಮೆಸೇಜ್‌ನಿಂದ ನಂಬರ್ ತೆಗೆಸಲೆಂದೇ ಆ್ಯಪಲ್ ಒಂದು ಪುಟ ಇಟ್ಟಿದೆ. ಆ್ಯಪಲ್‌ನ ಸಹಾಯ ತಾಣದಲ್ಲಿ 'ಡಿರಿಜಿಸ್ಟರ್ ಐಮೆಸೇಜ್' ಅಂತ ಹುಡುಕು. ನಂಬರ್ ಕೊಟ್ಟರೆ ಎಸ್ಎಂಎಸ್‌ನಲ್ಲಿ ಒಂದು ಕೋಡ್ ಬರುತ್ತದೆ, ಅದನ್ನು ಅಲ್ಲಿ ಹಾಕಿದರೆ ಮುಗಿಯಿತು. ಆಮೇಲೂ ಒಬ್ಬಿಬ್ಬರದು ಬರದಿದ್ದರೆ ಅವರು ನಿನ್ನ ಹಳೆಯ ಚಾಟ್ ಅಳಿಸಿ ಹೊಸದಾಗಿ ಮೆಸೇಜ್ ಮಾಡಲಿ.

ಫೋಟೋಗಳು ಎಲ್ಲೂ ಹೋಗಿಲ್ಲ. ಕಂಪ್ಯೂಟರಿನಲ್ಲಿ ಐಕ್ಲೌಡ್ ತಾಣಕ್ಕೆ ನಿನ್ನ ಆ್ಯಪಲ್ ಖಾತೆಯಿಂದ ಹೋಗಿ ಇಳಿಸಿಕೊಳ್ಳಬಹುದು. ಐಕ್ಲೌಡ್ ಪುಕ್ಕಟೆ ಕೊಡುವುದು 5 ಜಿಬಿ, ಗೂಗಲ್ 15 ಜಿಬಿ. ಆದರೆ ಆ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೋ ಮೂರೂ ಸೇರಿವೆ. 2021ರ ಜೂನ್‌ಗೆ ಮುಂಚೆ ಗಾತ್ರ ತಗ್ಗಿಸಿ ಹಾಕಿದ ಫೋಟೋಗೆ ಲೆಕ್ಕವೇ ಇರಲಿಲ್ಲ. ಆ ಕಾಲ ಹೋಯಿತು. ಹಾಗಾಗಿ ಎಲ್ಲವನ್ನೂ ಗೂಗಲ್‌ಗೆ ಸುರಿಯುವ ಮೊದಲು ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಕೋ. ಐಫೋನಿನಲ್ಲಿ ತೆಗೆದ ಫೋಟೋಗಳು ಬಹುಪಾಲು ಎಚ್ಇಐಸಿ ನಮೂನೆಯಲ್ಲಿರುತ್ತವೆ. ಹೊಸ ಆಂಡ್ರಾಯ್ಡ್ ಫೋನ್‌ಗಳು ತೋರಿಸುತ್ತವೆ. ಪಾಸ್‌ಪೋರ್ಟ್ ಫೋಟೋ ಪ್ರಿಂಟ್ ಹಾಕಿಸಲು ಸೈಬರ್ ಸೆಂಟರಿಗೆ ಹೋದಾಗ, ಪರೀಕ್ಷೆ ಅರ್ಜಿಗೆ ಅಪ್‌ಲೋಡ್ ಮಾಡುವಾಗ ತಕರಾರು ಬರುತ್ತದೆ. ಅಂಥವನ್ನು ಜೆಪೆಗ್‌ಗೆ ಬದಲಾಯಿಸಿಕೊಂಡು ಹೋಗು.

ನೀನು ವಾಟ್ಸ್ಆ್ಯಪ್ ಬಗ್ಗೆ ಬರೆದಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಐಫೋನಿನಿಂದ ಆಂಡ್ರಾಯ್ಡ್‌ಗೆ ವಾಟ್ಸ್ಆ್ಯಪ್ ತರಲು ಎರಡು ಫೋನುಗಳ ನಡುವೆ ವೈರ್ ಬೇಕು. ಐಫೋನ್ 15ರಿಂದ ಈಚೆಗಿನದಾದರೆ ಎರಡು ತುದಿಗೂ ಸಿ ಟೈಪ್. ಅದಕ್ಕಿಂತ ಹಳೆಯದಾದರೆ ಒಂದು ತುದಿ ಸಿ ಟೈಪ್, ಇನ್ನೊಂದು ಲೈಟ್ನಿಂಗ್. ಇಲ್ಲೂ ಹೊಸ ಫೋನ್ ಶುರುವಾಗುವ ಹಂತದಲ್ಲೇ ಮಾಡಬೇಕು, ಐಫೋನ್ ಪಕ್ಕದಲ್ಲಿರಬೇಕು.

ನನಗೆ ಎಪ್ಪತ್ತು ದಾಟಿದೆ. ಕಥೆ, ಲೇಖನ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಬರೆಯುವುದು ನುಡಿ ತಂತ್ರಾಂಶದಲ್ಲಿ. ಈಗ ಐಫೋನ್ ಬಿಟ್ಟು ಆಂಡ್ರಾಯ್ಡ್ ತೆಗೆದುಕೊಂಡಿದ್ದೇನೆ. ಇದರಲ್ಲಿ ಕನ್ನಡ ಬರೆಯುವುದು ಹೇಗೆ? ನನ್ನ ಹಳೆಯ ಲೇಖನಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ಕಾಣುತ್ತವೆ. ಫೋನಿನ ದೋಷವೇ?
— ಓದುಗರು, ಕೃಷ್ಣರಾಜ ಮೊಹಲ್ಲಾ, ಮೈಸೂರು

ಸರ್, ಫೋನಿನ ದೋಷ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಒಳಗೆ ನಿಜವಾಗಿಯೂ ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡದ ರೂಪದಲ್ಲಿ ಕಾಣುತ್ತವೆ. ಫೋನಿನಲ್ಲಿ ಆ ಫಾಂಟ್ ಇಲ್ಲ. ಐಫೋನಿನಲ್ಲಿ ತೆರೆದಿದ್ದರೂ ಹೀಗೇ ಕಾಣುತ್ತಿತ್ತು. ಕಂಪ್ಯೂಟರಿನಲ್ಲೇ ಆ ಫೈಲುಗಳನ್ನು ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಫೋನಿಗೆ ಕಳಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಎಡವುವುದು ಅಲ್ಲೇ. ಮೂಲ ಫೈಲುಗಳನ್ನು ಅಳಿಸಬೇಡಿ. ಇದನ್ನು ಈ ವರ್ಷವೇ ಮಾಡಿಬಿಡಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮಂಥವರ ಎಷ್ಟೋ ಬರಹ ಹಳೆಯ ಕಂಪ್ಯೂಟರುಗಳಲ್ಲಿ ಹಾಗೇ ಉಳಿದಿದೆ. ಆ ಕಂಪ್ಯೂಟರ್ ಕೆಟ್ಟರೆ ಮೊಮ್ಮಕ್ಕಳ ಕೈಗೆ ಏನೂ ಸಿಗುವುದಿಲ್ಲ.

ಬರೆಯುವ ವಿಷಯದಲ್ಲಿ ನಿಮಗೆ ಅನುಕೂಲವೇ ಆಗಿದೆ. ಆಂಡ್ರಾಯ್ಡಿನಲ್ಲಿ ಜಿಬೋರ್ಡ್ ಅನ್ನುವ ಗೂಗಲ್ ಕೀಬೋರ್ಡ್ ಹಾಕಿ, ಭಾಷೆಗಳಲ್ಲಿ ಕನ್ನಡ ಸೇರಿಸಿ. ಅಲ್ಲಿ ಕನ್ನಡ ಅಕ್ಷರಗಳ ಮಣೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಕೊಡುವುದೂ ಇದೆ. ಬೆರಳಿನಿಂದ ಪರದೆಯ ಮೇಲೆ ಬರೆದರೆ ಅಕ್ಷರ ಮಾಡಿಕೊಡುವುದೂ ಇದೆ. ಬರೆಯುವ ರೂಢಿ ಇರುವ ಹಿರಿಯರಿಗೆ ಇದು ಬಹಳ ಹಿಡಿಸುತ್ತದೆ. ಇನ್ನು ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಹೇಳುತ್ತಾ ಹೋದರೆ ಅದೇ ಬರೆದುಕೊಳ್ಳುತ್ತದೆ. ನಿಧಾನಕ್ಕೆ, ವಾಕ್ಯ ವಾಕ್ಯವಾಗಿ ಹೇಳಿ. ಊರುಗಳ, ಜನರ ಹೆಸರನ್ನು ತಪ್ಪಾಗಿ ಬರೆಯುವುದುಂಟು, ಆಮೇಲೆ ತಿದ್ದಿಕೊಂಡರಾಯಿತು. ನುಡಿಯಲ್ಲಿ ಪಳಗಿದ ಬೆರಳಿಗೆ ಅದೇ ವಿನ್ಯಾಸ ಬೇಕು ಅನ್ನಿಸಿದರೆ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಬೋರ್ಡ್ ಆಪ್‌ಗಳೂ ಪ್ಲೇ ಸ್ಟೋರಿನಲ್ಲಿವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನೇ ಕನ್ನಡ ಮಾಡಿಕೊಂಡರೆ ಇಡೀ ಫೋನ್ ಕನ್ನಡದಲ್ಲಿ ಮಾತಾಡುತ್ತದೆ. ಒಂದು ವಾರ ಹೊಸದೆನಿಸುತ್ತದೆ, ಬಿಡಬೇಡಿ.

ಐಫೋನಿನಲ್ಲಿ ಹಿಂದಕ್ಕೆ ಹೋಗುವ ಬಟನ್ನೇ ಇಲ್ಲ. ಅಕ್ಷರವೂ ಸಣ್ಣದು.
— ಗೃಹಿಣಿ, ಶ್ರೀರಂಗಪಟ್ಟಣ

ಪರದೆಯ ಎಡ ಅಂಚಿನಿಂದ ಬಲಕ್ಕೆ ಬೆರಳು ಎಳೆಯಿರಿ, ಹೆಚ್ಚಿನ ಆಪ್‌ಗಳಲ್ಲಿ ಹಿಂದಕ್ಕೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದರೆ ಮೊದಲ ಪುಟ. ಅದು ಕೈಗೆ ಒಗ್ಗದಿದ್ದರೆ ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟಚ್, 'ಅಸಿಸ್ಟಿವ್ ಟಚ್' ಆನ್ ಮಾಡಿ. ಪರದೆಯ ಮೇಲೆ ಒಂದು ದುಂಡನೆ ಬಟನ್ ಬಂದು ಕೂರುತ್ತದೆ. ಅಕ್ಷರ ದೊಡ್ಡದು ಮಾಡಲು ಸೆಟ್ಟಿಂಗ್ಸ್, 'ಡಿಸ್‌ಪ್ಲೇ ಅಂಡ್ ಬ್ರೈಟ್‌ನೆಸ್', 'ಟೆಕ್ಸ್ಟ್ ಸೈಜ್'. ಮನೆಯವರು ಯಾರಾದರೂ ಅಷ್ಟು ದೊಡ್ಡ ಅಕ್ಷರ ಯಾಕೆ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಓದುವ ಕಣ್ಣು ನಿಮ್ಮದು.

ಆನ್‌ಲೈನ್‌ನಲ್ಲಿ ಐಫೋನ್ ಬುಕ್ ಮಾಡಿದ್ದೇನೆ. ಎಕ್ಸ್‌ಚೇಂಜ್ ಹಾಕಿದ್ದೇನೆ. ಹೊಸದು ಕೊಡುವಾಗಲೇ ಹಳೇ ಆಂಡ್ರಾಯ್ಡ್ ತಗೊಂಡು ಹೋಗುತ್ತಾರಂತೆ. ಏನೇನು ಅಳಿಸಬೇಕು?
— ಸರ್ಕಾರಿ ನೌಕರರು, ಪಾಂಡವಪುರ

ನಿಮ್ಮ ಕಾಗದ ನೋಡಿಯೇ ಈ ಸಲದ ತಲೆಬರಹ ಇಟ್ಟೆ. ಅಳಿಸುವ ಮಾತು ಆಮೇಲೆ. ಮೊದಲು ಈ ಎಕ್ಸ್‌ಚೇಂಜ್ ಬೇಕೇ ಯೋಚಿಸಿ.

ಮೇಲೆ ಕುವೆಂಪುನಗರದ ಮೇಡಂಗೆ ಬರೆದದ್ದು ಓದಿದಿರಲ್ಲ, ಎರಡೂ ಫೋನ್ ಒಟ್ಟಿಗೆ ಇರಬೇಕು, ಹೊಸದು ಶುರುವಾಗುವ ಹಂತದಲ್ಲಿರಬೇಕು. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ಹಳೇ ಫೋನ್ ಕೇಳುತ್ತಾನೆ, ಅದು ರಿಸೆಟ್ ಆಗಿರಬೇಕು ಅನ್ನುತ್ತಾನೆ. ಅವನ ತಪ್ಪೇನಿಲ್ಲ, ಅವನ ಕೆಲಸ ಅದು. ಆದರೆ ನೀವು ಹೊಸ ಡಬ್ಬಿ ತೆರೆಯುವ ಹೊತ್ತಿಗೆ ಹಳೆಯದು ಖಾಲಿಯಾಗಿ ಅವನ ಚೀಲ ಸೇರಿರುತ್ತದೆ. ವಾಟ್ಸ್ಆ್ಯಪ್ ತರುವ ದಾರಿ ಅಲ್ಲಿಗೆ ಮುಚ್ಚಿತು. ಡ್ರೈವ್‌ನಲ್ಲಿ ಬ್ಯಾಕಪ್ ಇದ್ದರೂ ಐಫೋನಿಗೆ ಅದು ಉಪಯೋಗವಿಲ್ಲ. ಎಕ್ಸ್‌ಚೇಂಜ್ ಇಲ್ಲದೆ ತಗೊಂಡರೆ ಈಗ ಕೈಯಿಂದ ಸ್ವಲ್ಪ ಜಾಸ್ತಿ ದುಡ್ಡು ಹೋಗುತ್ತದೆ, ನಿಜ. ಹಳೆಯದನ್ನು ಆಮೇಲೆ ಮಾರಿದರೆ ಬಹುಪಾಲು ವಾಪಸ್ ಬರುತ್ತದೆ. ನಡುವೆ ಒಂದು ತಿಂಗಳು ಎರಡೂ ಫೋನ್ ನಿಮ್ಮ ಹತ್ತಿರ ಇರುತ್ತವೆ. ಕಚೇರಿಯ ಯಾವ ಆಪ್ ಐಫೋನಿಗೆ ಇಲ್ಲ ಅನ್ನುವುದು ಗೊತ್ತಾಗುವುದೂ ಆ ತಿಂಗಳಲ್ಲೇ. ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಂಡ್ರಾಯ್ಡ್ ಆಪಿನ ಎಪಿಕೆ ಫೈಲ್ ಕಳಿಸಿ ಹಾಕಿಕೊಳ್ಳಿ ಅನ್ನುವ ರೂಢಿ ನಿಮ್ಮ ಕಚೇರಿಯಲ್ಲಿದ್ದರೆ ಅದು ಐಫೋನಿನಲ್ಲಿ ನಡೆಯುವುದಿಲ್ಲ. ಸಹೋದ್ಯೋಗಿ ಯಾರದಾದರೂ ಐಫೋನ್ ಇಸ್ಕೊಂಡು ಆಪ್ ಸ್ಟೋರಿನಲ್ಲಿ ಆ ಹೆಸರು ಹುಡುಕಿ ನೋಡಿ, ಈಗಲೇ.

ಎಕ್ಸ್‌ಚೇಂಜ್ ಬಿಡಲು ಆಗುವುದೇ ಇಲ್ಲ ಅಂದರೆ ಅಂಗಡಿಯಲ್ಲಿ ಎಕ್ಸ್‌ಚೇಂಜ್ ಮಾಡಿ. ಅಲ್ಲೇ ಕೂತು ಎಲ್ಲ ಸಾಗಿಸಿಕೊಂಡ ಮೇಲೆ ಹಳೆಯದು ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ. ಜನ ಕಡಿಮೆ ಇರುವ ದಿನ, ಬೆಳಗ್ಗೆ ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಕೊಡುವ ದಿನದ ಕೆಲಸ. ಮೆಮೊರಿ ಕಾರ್ಡ್ ಮತ್ತು ಸಿಮ್ ತೆಗೆಯಿರಿ. ಯುಪಿಐ ಹಾಗೂ ಬ್ಯಾಂಕ್ ಆಪ್‌ಗಳಿಂದ ಲಾಗ್ ಔಟ್ ಆಗಿ. ಎರಡನೇ ಹಂತದ ಕೋಡ್ ಕೊಡುವ ಅಥೆಂಟಿಕೇಟರ್ ಆಪ್ ಇದ್ದರೆ ಅದರೊಳಗಿನ ಖಾತೆಗಳನ್ನು ಹೊಸ ಫೋನಿಗೆ ಮೊದಲೇ ಸಾಗಿಸಿ. ಇದನ್ನು ಮರೆತರೆ ನಿಮ್ಮ ಖಾತೆಗೆ ನೀವೇ ಹೋಗಲಾರಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ 'ರಿಮೂವ್' ಮಾಡಿ. ಅದನ್ನು ತೆಗೆಯದೆ ರಿಸೆಟ್ ಮಾಡಿದರೆ ಕೊಂಡವರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು. ಕಳವಾದ ಫೋನ್ ಕಳ್ಳನಿಗೆ ದಕ್ಕದಿರಲಿ ಅಂತ ಮಾಡಿದ ಬೀಗ ಅದು. ಐಫೋನ್ ಕೊಡುವವರು ಇದೇ ಕಾರಣಕ್ಕೆ ಕಳೆದ ಫೋನ್ ಹುಡುಕಿಕೊಡುವ 'ಫೈಂಡ್ ಮೈ' ಆಫ್ ಮಾಡಬೇಕು. ಎಲ್ಲ ಆದ ಮೇಲೆ ಫ್ಯಾಕ್ಟರಿ ರಿಸೆಟ್.

ರಿಸೆಟ್ ಮಾಡುವ ಮುನ್ನ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ. ಆ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ನಂಬರ್ ಬರುತ್ತದೆ, ಬರೆದಿಟ್ಟುಕೊಳ್ಳಿ. ಯಾರಿಗೆ, ಯಾವ ದಿನ ಕೊಟ್ಟಿರಿ ಅನ್ನುವ ರಸೀದಿಯನ್ನು ಅದರ ಜೊತೆ ಇಡಿ. ನಾಳೆ ಆ ಫೋನಿನಿಂದ ಏನಾದರೂ ತಪ್ಪು ನಡೆದರೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ಹಳೇ ಫೋನ್ ಕೊಳ್ಳುವವರೂ ಅಷ್ಟೇ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ನಂಬರ್ ಹಾಕಿ 14422ಕ್ಕೆ ಎಸ್ಎಂಎಸ್ ಮಾಡಿ. ಕದ್ದ ಮಾಲು ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ಇದನ್ನು ನೋಡಬಹುದು. ನಿಮ್ಮದೇ ಫೋನ್ ಕಳೆದರೆ ಬ್ಲಾಕ್ ಮಾಡಿಸುವುದೂ ಅಲ್ಲಿಯೇ, ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ.

ನಿಮ್ಮ ಐಫೋನ್ ಇನ್ನೂ ಬಂದಿಲ್ಲ ಅಲ್ವಾ? ಹಾಗಾದರೆ ಆರ್ಡರ್‌ನಲ್ಲಿ ಎಕ್ಸ್‌ಚೇಂಜ್ ತೆಗೆಯಲು ಇನ್ನೂ ಅವಕಾಶ ಇದೆಯೇ ಇವತ್ತೇ ನೋಡಿ.